ತಿದ್ದುಪಡಿ

ಮೂರೂವರೆಯ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ
ಕವರು ಕೊಟ್ಟು, ಒಂದು ಚಾ ಕುಡಿಸಿದರೆ
ಕಾರವಾರದ ಆ ದಿನ ಮುಗಿಯುತ್ತಿತ್ತು ನನಗೆ.
ಆಮೇಲೆ ಯಾರು ಸತ್ತರೂ ನಾಳೆಯ ಲೆಕ್ಕ.

ಸುದ್ದಿಗೆ ಸೆಂಟಿಮೀಟರ್ ಅಳತೆಯ ಕೂಲಿ.
ತಿಂಗಳ ಕೊನೆಗೆ ಸ್ಕೇಲು ಹಿಡಿದು ಕೂತು
ಕೋಡಿಬಾಗದ ಕಳವು ನಾಲ್ಕು,
ಕಾಳಿ ಸೇತುವೆಯ ಅಪಘಾತ ಏಳೂವರೆ,
ಮಂತ್ರಿಯ ಭಾಷಣ ಹದಿನೆಂಟು ಎಂದು
ಬರೆದು ಕಳಿಸುತ್ತಿದ್ದೆ.
ತಪ್ಪಿದ್ದೂ ಉಂಟು.
ಬದುಕಿದ್ದ ಗಜಾನನ ಗುನಗಿಯನ್ನು ಒಮ್ಮೆ ಕೊಂದೆ;
ಪೇಪರು ಬಂದ ಬೆಳಿಗ್ಗೆ ಅವನೇ ಸೈಕಲ್ ಮೇಲೆ ಬಂದು
ನನ್ನ ಬಾಗಿಲಲ್ಲಿ ಕೆಮ್ಮಿದ.
ಮೂರನೆಯ ದಿನ ಅದೇ ಪುಟ, ಅದೇ ಮೂಲೆ:
ತಿದ್ದುಪಡಿ. ಎರಡು ಸೆಂಟಿಮೀಟರು.
ಅದಕ್ಕೆ ಕೂಲಿ ಕೇಳಲಿಲ್ಲ.

ಈಗ ಆ ಪತ್ರಿಕೆ ಇಲ್ಲ. ಪೇಪರ್ ಏಜೆಂಟ ಉಲ್ಲಾಸ
ಬಸ್‌ಸ್ಟ್ಯಾಂಡಿನ ಅದೇ ಕಟ್ಟೆಯ ಮೇಲೆ ಮೊಬೈಲ್ ಕವರು ಮಾರುತ್ತಾನೆ.
ನಾನು ಫೋನಿನಲ್ಲಿ ಸುದ್ದಿ ಬಿಡುತ್ತೇನೆ
ಎರಡು ಸಾವಿರ ಚಿಲ್ಲರೆ ಮಂದಿಗೆ.
ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಬೇಕಾದ್ದು ಬೈತಖೋಲದ ದರ:
ಬಾಂಗಡೆ ಬುಟ್ಟಿಗೆ ಎಷ್ಟು, ಸೆಟ್ಲಿ ಇಳಿಯಿತಾ.
ಹರಾಜು ಕೂಗುವ ದತ್ತಾನ ದನಿ
ಬೋಟು ದಡ ಮುಟ್ಟುವ ಮೊದಲೇ ಮಡಗಾಂವ ಮುಟ್ಟುತ್ತದೆ.

ಮೀನು ಮಾರ್ಕೆಟಿನಲ್ಲಿ ಪ್ರೇಮಾವತಿ ದುರ್ಗೇಕರಳ
ಬುಟ್ಟಿಗೆ ಒರಗಿ ಒಂದು ಪೆಟ್ಟಿಗೆ ಮಾತಾಡುತ್ತದೆ:
ಇನ್ನೂರ ನಲವತ್ತು ರೂಪಾಯಿ ಬಂದಿದೆ.
‘ನನ್ನ ದುಡ್ಡು ಇಡೀ ಪೇಟೆಗೆ ಕೇಳಬೇಕಾ ಮಾರಾಯ್ರೆ?’
ಅದರ ಬಾಯಿಗೆ ಬಟ್ಟೆ ಸುತ್ತಿಟ್ಟಿದ್ದಾಳೆ.

ಆ ಮಂಗಳವಾರ ಗಾಳಿಯಿತ್ತು.
ಹನ್ನೊಂದಕ್ಕೆ ಬಂತು ವೀಡಿಯೋ:
ಮಗುಚಿದ ಬೋಟು, ನೊರೆ, ಯಾರದೋ ಅಳು,
ಮೇಲೆ ಕೆಂಪಕ್ಷರ: ಕೂರ್ಮಗಡದ ಆಚೆ, ಒಂಬತ್ತು ಮಂದಿ.
ಇಸವಾಣ ಕೊಳ್ಳಲು ಬಂದವನೊಬ್ಬ ಫೋನು ಚಾಚಿ
‘ನಿನ್ನ ಗಂಡನ ಬೋಟೂ ಹಳದಿಯಲ್ಲವಾ?’ ಎಂದನಂತೆ.
ಕತ್ತಿ ಅರ್ಧಕ್ಕೆ ನಿಂತಿತು, ಮೀನೂ ಅರ್ಧ.

ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ.
ಹಿಂದೆ ದೇವಗಡದ ದೀಪಸ್ತಂಭವಿಲ್ಲ,
ಬೋಟಿನ ಮೂತಿಯ ಲಿಪಿ ನಮ್ಮದಲ್ಲ.
ಬರೆದೆ: ಇದು ಇಲ್ಲಿಯದಲ್ಲ.
ಕಳಿಸುವ ಮುನ್ನ ಬೆರಳು ನಿಂತಿತು.
ಇದು ಪುರ್ಸೊನ ಬೋಟಲ್ಲ ಎಂದರೆ
ಪುರ್ಸೊನ ಬೋಟು ಎಲ್ಲಿದೆಯೆಂದು ಗೊತ್ತಾದಂತಲ್ಲ.

ಹೋಗಿ ಬೈತಖೋಲದ ಧಕ್ಕೆಯಲ್ಲಿ ನಿಂತೆ.
ನಿಲ್ಲುವುದು ನನಗೆ ಬರುವ ಹಳೆಯ ಕಸಬು.
ಮೂರಕ್ಕೆಲ್ಲ ಕೈಮುಗಿದ ಚಿತ್ರಗಳು ಶುರುವಾದವು,
ಎಷ್ಟು ಉರಿದರೂ ಕರಗದ ಮೇಣದಬತ್ತಿಗಳು.
ಪ್ರೇಮಾವತಿ ಬಲೆಯ ರಾಶಿಯ ಮೇಲೆ
ಪೆಟ್ಟಿಗೆ ತೊಡೆಗಿಟ್ಟು ಕೂತಿದ್ದಳು.
ಬಟ್ಟೆಯೊಳಗಿಂದ ಅದು ಇದ್ದಕ್ಕಿದ್ದಂತೆ
ನೂರ ಇಪ್ಪತ್ತು ರೂಪಾಯಿ ಬಂದಿದೆ, ಎಂದಿತು.
ಸ್ವಲ್ಪ ಹೊತ್ತಿಗೆ, ಎಂಟುನೂರು.
ಮತ್ತೆ, ಅರವತ್ತು.
ಗಣಪತಿ ಹಬ್ಬದಿಂದ ಬಾಕಿ ಇಟ್ಟವರು,
ಕಂಡರೆ ಓಣಿ ಬದಲಿಸುತ್ತಿದ್ದವರು,
ಒಬ್ಬೊಬ್ಬರಾಗಿ ತೀರಿಸತೊಡಗಿದ್ದರು.
ಅವಳು ನನ್ನ ಮುಖ ನೋಡದೆ ಅಂದಳು:
‘ಇವರೆಲ್ಲ ಅವನನ್ನು ಕೊಂದೇ ಬಿಟ್ಟರು.’

ಆರೂ ನಲವತ್ತಕ್ಕೆ ಹಳದಿ ಮೂತಿ ಕಂಡಿತು.
ಇಂಜಿನ್ನು ಕೆಟ್ಟಿತ್ತು, ಅಷ್ಟೇ. ಮಾಜಾಳಿಯ ಬೋಟೊಂದು
ಹಗ್ಗ ಕಟ್ಟಿ ಎಳೆದು ತರುತ್ತಿತ್ತು.
ಪುರ್ಸೊ ಧಕ್ಕೆಗೆ ಹಾರಿದವನೇ ಕೇಳಿದ, ‘ದರ ಎಷ್ಟು ಇವತ್ತು?’
ಹೆಂಡತಿ ಬೈದ ಬೈಗುಳ ಇಲ್ಲಿ ಅಚ್ಚಿಗೆ ಬಾರದು.

ಫೋಟೋ ತೆಗೆದು ಹಾಕಿದೆ: ಮರಳಿದರು, ಒಂಬತ್ತೂ ಮಂದಿ.
ಎಂಬತ್ತಮೂರು ಜನ ನೋಡಿದರು.
ಆ ಇನ್ನೊಂದು ಅಂಕೋಲೆ, ಕುಮಟೆ ದಾಟಿ
ಭಟ್ಕಳದ ಕಡೆ ನಡೆಯುತ್ತಲೇ ಇತ್ತು.
ಶನಿವಾರ ಶಿರಸಿಯಿಂದ ಅತ್ತಿಗೆ ನನಗೇ ಕಳಿಸಿದಳು:
‘ನಿಮ್ಮ ಕಡೆಯದಂತೆ, ಹೌದಾ?’
ಯಾವ ಪುಟ ಅದು? ಯಾವ ಮೂಲೆ?
ಎಲ್ಲಿ ಕೂರಿಸಲಿ ನನ್ನ ಎರಡು ಸೆಂಟಿಮೀಟರು?

ಭಾನುವಾರ ಮಾರ್ಕೆಟಿಗೆ ಹೋದೆ.
‘ಕಟ್ಟಲಿಕ್ಕೆ ರದ್ದಿ ಸಿಗೂದಿಲ್ಲ ಈಗ,
ನಿಮ್ಮ ಪೇಪರು ಅದಕ್ಕಾದರೂ ಆಗ್ತಿತ್ತು,’ ಎನ್ನುತ್ತ
ಸಾಗವಾನಿ ಎಲೆ ಹುಡುಕಿದಳು.
ಬಾಕಿ ತೀರಿಸಿದವರು ಏನಂದರು, ಕೇಳಿದೆ.
‘ಅವರಿಗೆ ತಿದ್ದುಪಡಿ ಎಲ್ಲ ಬೇಡ,’ ಕಣ್ಣು ಮಿಟುಕಿಸಿ
ಎರಡು ಬಾಂಗಡೆ ಹೆಚ್ಚಿಗೆ ಹಾಕಿದಳು.
ಒಂದೊಂದೂ ಇಪ್ಪತ್ತು ಸೆಂಟಿಮೀಟರ್ ಇದ್ದೀತು.
ಅಳೆಯಲಿಲ್ಲ.